ಬಸುರಿಯ ದೂರು ಯಾರ ಮೇಲೆ?



ಆಸ್ಪತ್ರೆಯ ವಾರ್ಡಿನಲ್ಲಿ ನೆಲ ಒರೆಸುವವರು, ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ನಮ್ಮ ಅರ್ಜಿ ತುಂಬುವವರು, ಟೆಕ್ ಪಾರ್ಕಿನ ಬಾಗಿಲಲ್ಲಿ ಹೆಂಗಸರ ಬ್ಯಾಗು ತಪಾಸಣೆ ಮಾಡುವವರು, ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ನಿಂತವರು. ಇವರಲ್ಲಿ ಎಷ್ಟೋ ಹೆಣ್ಣುಮಕ್ಕಳು ದುಡಿಯುವುದು ಒಂದು ಕಡೆ, ಸಂಬಳ ಬರುವುದು ಇನ್ನೊಂದು ಕಡೆಯಿಂದ. ನಡುವೆ ಒಂದು ಏಜೆನ್ಸಿ. ಸರ್ಕಾರಿ ಕಾಗದದಲ್ಲಿ ಇದಕ್ಕೆ ಹೊರಗುತ್ತಿಗೆ ಎನ್ನುತ್ತಾರೆ. ಅವರನ್ನೇ ಕೇಳಿದರೆ ‘ಕಂಟ್ರಾಕ್ಟ್ ಮೇಲೆ ಇದ್ದೀನಿ’ ಎನ್ನುತ್ತಾರೆ.

ಇಂಥ ಹೆಣ್ಣುಮಗಳು ಬಸುರಿಯಾದರೆ ಏನಾಗುತ್ತದೆ? ‘ನೀನು ಬಸುರಿ, ಆದ್ದರಿಂದ ಕೆಲಸ ಬಿಡು’ ಎಂದು ಯಾರೂ ಹೇಳುವುದಿಲ್ಲ, ಬರೆದಂತೂ ಕೊಡುವುದಿಲ್ಲ. ಸೂಪರ್‌ವೈಸರ್ ಬಂದು ಅಕ್ಕರೆಯಿಂದಲೇ ಮಾತಾಡುತ್ತಾನೆ: “ಅಕ್ಕಾ, ಈ ಸ್ಥಿತೀಲಿ ಯಾಕೆ ಕಷ್ಟಪಡ್ತೀರಿ? ಸ್ವಲ್ಪ ದಿನ ರೆಸ್ಟ್ ತಗೊಳ್ಳಿ, ನಾನೇ ಫೋನ್ ಮಾಡ್ತೀನಿ.” ಫೋನ್ ಬರುವುದಿಲ್ಲ. ಮುಂದಿನ ವಾರದ ಶಿಫ್ಟ್ ಪಟ್ಟಿ ವಾಟ್ಸಾಪ್ ಗುಂಪಿಗೆ ಬಂದಾಗ ಅದರಲ್ಲಿ ಅವಳ ಹೆಸರಿರುವುದಿಲ್ಲ. ಆಮೇಲೆ ಒಂದು ದಿನ ಅವಳನ್ನು ಗುಂಪಿನಿಂದಲೇ ತೆಗೆದಿರುತ್ತಾರೆ. ಏಜೆನ್ಸಿಯ ಆಫೀಸಿಗೆ ಹೋಗಿ ಕೇಳಿದರೆ, “ಸೈಟಿನವರು ಬೇಡ ಅಂದ್ರು ಕಣಮ್ಮಾ, ನಾವೇನು ಮಾಡೋಕಾಗುತ್ತೆ?” ಕಂಪನಿಗೆ ಹೋಗಿ ಕೇಳಿದರೆ, “ನೀವು ನಮ್ಮ ಎಂಪ್ಲಾಯೀನೇ ಅಲ್ವಲ್ಲ, ಏಜೆನ್ಸಿಯವರನ್ನ ಕೇಳಿ.” ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಆ ಇಬ್ಬರು ಜಗಳವನ್ನೂ ಆಡುವುದಿಲ್ಲ. ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸುತ್ತಾರೆ, ಅಷ್ಟೆ. ಕೂಸು ಮಾತ್ರ ಬಡವಾಗುತ್ತದೆ.

ಇಂಥ ದೂರುಗಳು ಬಹುಮಟ್ಟಿಗೆ ಸೋಲುವುದು ಕಾನೂನು ಇಲ್ಲವೆಂದಲ್ಲ, ದೂರು ಯಾರ ಮೇಲೆ ಎಂಬ ಪ್ರಶ್ನೆಯಲ್ಲೇ ದಿನಗಳು ಕಳೆದುಹೋಗುತ್ತವೆಂದು. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟೇ: ನಿಜವಾದ ಮಾಲೀಕರು ಯಾರೆಂದು ತೀರ್ಮಾನಿಸುವುದು ಆ ಹೆಣ್ಣುಮಗಳ ಕೆಲಸವಲ್ಲ. ಅವಳು ಇಬ್ಬರ ಹೆಸರನ್ನೂ ಬರೆಯಬೇಕು. ಯಾರದ್ದು ಎಷ್ಟು ಹೊಣೆ ಎಂಬುದನ್ನು ಅಧಿಕಾರಿ ನೋಡಿಕೊಳ್ಳುತ್ತಾರೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ನಮ್ಮ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. ಮೊದಲು 12 ವಾರ ಇದ್ದ ಸಂಬಳದ ರಜೆ 2017ರ ತಿದ್ದುಪಡಿಯಿಂದ 26 ವಾರವಾಯಿತು. ಈಗಾಗಲೇ ಇಬ್ಬರು ಮಕ್ಕಳಿದ್ದವರಿಗೆ 12 ವಾರವೇ ಉಳಿಯಿತು. ಆ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಹೆಸರು ಬದಲಾಯಿತು, ತಿರುಳು ಉಳಿಯಿತು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಕಾಯಂ ಆಗಿರಬೇಕು, ಇಷ್ಟು ವರ್ಷ ಸೇವೆ ಆಗಿರಬೇಕು ಎಂಬ ಷರತ್ತು ಅದರಲ್ಲಿಲ್ಲ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ, ಅವಳಿಗೆ ನಷ್ಟವಾಗುವಂತೆ ಕೆಲಸದ ಷರತ್ತು ಬದಲಿಸುವಂತಿಲ್ಲ. ರಜೆಗೆ ಮುಂಚೆಯೇ, ಬಸುರಿಯಾಗಿದ್ದಾಗ ತೆಗೆದರೂ ಅವಳಿಗೆ ಬರಬೇಕಾದ ಹೆರಿಗೆ ಸೌಲಭ್ಯ ತಪ್ಪುವುದಿಲ್ಲ. ಹೆರಿಗೆ ಹತ್ತಿರ ಬಂದಾಗ ಅವಳು ಕೇಳಿಕೊಂಡರೆ ಭಾರದ ಕೆಲಸ, ಗಂಟೆಗಟ್ಟಲೆ ನಿಂತು ಮಾಡುವ ಕೆಲಸ ಕೊಡಬಾರದು. ಹಗುರ ಕೆಲಸ ಕೊಟ್ಟೆವೆಂದು ಸಂಬಳ ಮುರಿಯಲೂಬಾರದು.

‘ಇದೆಲ್ಲ ಪರ್ಮನೆಂಟ್ ಇದ್ದವರಿಗೆ’ ಎಂದು ಯಾರಾದರೂ ಅಂದರೆ ದೆಹಲಿಯ ಕಥೆ ಹೇಳಿ. ದೆಹಲಿ ಮಹಾನಗರ ಪಾಲಿಕೆಯಲ್ಲಿ ಮಸ್ಟರ್ ರೋಲ್ ಮೇಲೆ, ಅಂದರೆ ದಿನಗೂಲಿಗೆ ಹೆಂಗಸರು ದುಡಿಯುತ್ತಿದ್ದರು. ಗುಂಡಿ ತೋಡುವುದು, ರಸ್ತೆ ಕೆಲಸಕ್ಕೆ ಕಲ್ಲುಮಣ್ಣು ಹೊರುವುದು. ವರ್ಷಗಟ್ಟಲೆ ದುಡಿದರೂ ಹೆರಿಗೆ ರಜೆಯಿಲ್ಲ. ಅದು ಕಾಯಂ ನೌಕರರಿಗೆ ಮಾತ್ರ ಎಂಬುದು ಪಾಲಿಕೆಯ ವಾದ. ಕಾರ್ಮಿಕ ಸಂಘ ಅವರ ಪರವಾಗಿ ದಾವೆ ಹೂಡಿತು. ಕೈಗಾರಿಕಾ ನ್ಯಾಯಮಂಡಳಿಯಲ್ಲಿ ಹೆಂಗಸರು ಗೆದ್ದರು, ಹೈಕೋರ್ಟಿನಲ್ಲಿ ಗೆದ್ದರು, ಕೊನೆಗೆ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ಆ ತೀರ್ಪು ಬಂದದ್ದು 2000ದ ಮಾರ್ಚ್ 8ರಂದು, ಮಹಿಳಾ ದಿನದಂದೇ. ದಿನಗೂಲಿಯವರಾಗಲಿ, ತಾತ್ಕಾಲಿಕದವರಾಗಲಿ, ಹೆರಿಗೆ ಸೌಲಭ್ಯ ಎಲ್ಲರಿಗೂ ಸಲ್ಲಬೇಕೆಂಬುದು ಅಂದಿನಿಂದ ಗಟ್ಟಿಯಾದ ಮಾತು.

ಇನ್ನೊಂದು ವಾದ ಉಂಟು. ‘ತೆಗೆದಿಲ್ಲಮ್ಮಾ, ನಿನ್ನ ಕಂಟ್ರಾಕ್ಟೇ ಮುಗಿಯಿತು.’ ಇದಕ್ಕೂ ಉತ್ತರ ಸಿಕ್ಕಿದೆ. ದೆಹಲಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲಿದ್ದ ವೈದ್ಯೆಯೊಬ್ಬರು 2017ರ ಜೂನ್ 1ರಿಂದ ಹೆರಿಗೆ ರಜೆ ಕೇಳಿದರು. ಅವರ ಗುತ್ತಿಗೆ ಮುಗಿಯುವುದು ಜೂನ್ 11ಕ್ಕೆ. ಆಸ್ಪತ್ರೆ ಲೆಕ್ಕ ಹಾಕಿ ಹನ್ನೊಂದೇ ದಿನದ ರಜೆ ಕೊಟ್ಟಿತು! ಕೂಸು ಹೊಟ್ಟೆಯಲ್ಲಿರುವುದು ಗುತ್ತಿಗೆಯ ತಾರೀಖು ನೋಡಿಕೊಂಡಲ್ಲವಲ್ಲ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು: 80 ದಿನದ ಷರತ್ತು ಪೂರೈಸಿದ್ದರೆ ಹೆರಿಗೆ ಸೌಲಭ್ಯ ಗುತ್ತಿಗೆಯ ಅವಧಿಯನ್ನು ದಾಟಿಯೂ ಮುಂದುವರಿಯುತ್ತದೆ. ಒಂದು ಎಚ್ಚರ ಇಲ್ಲಿ ಬೇಕು. ಈ ತೀರ್ಪು ಹೆರಿಗೆಯ ಹಣ ಕೊಡಿಸುತ್ತದೆ. ಮುಗಿದ ಗುತ್ತಿಗೆಯನ್ನು ತಾನಾಗಿ ಮತ್ತೆ ಹುಟ್ಟಿಸುವುದಿಲ್ಲ.

ಹಾಗಾದರೆ ಕೆಲಸ ವಾಪಸ್ ಸಿಗುವುದೇ ಇಲ್ಲವೇ? ಸಿಕ್ಕ ಉದಾಹರಣೆ ನಮ್ಮಲ್ಲೇ ಇದೆ. ಒಂದು ರೈತ ಸಂಪರ್ಕ ಕೇಂದ್ರದಲ್ಲಿ ಹೊರಗುತ್ತಿಗೆ ಮೇಲೆ ವರ್ಷಗಳಿಂದ ಲೆಕ್ಕಪತ್ರ ನೋಡುತ್ತಿದ್ದ ಹೆಣ್ಣುಮಗಳು ಹೆರಿಗೆ ರಜೆ ಮುಗಿಸಿ ಬಂದಾಗ ಅವಳ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಅವಳು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದಳು. 2025ರಲ್ಲಿ ನ್ಯಾಯಾಲಯ ಅವಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ತಪ್ಪಿಹೋದ ಸಂಬಳದ ಅರ್ಧ ಭಾಗ ಕೊಡಬೇಕು ಎಂದು ಆದೇಶಿಸಿತು. ಈ ಪ್ರಕರಣದಿಂದ ಕಲಿಯುವುದೊಂದಿದೆ. ‘ಈಗ ಆ ಕೆಲಸವೇ ಇಲ್ಲ’ ಎಂದು ಯಾರೂ ಹೇಳುವಂತಿರಲಿಲ್ಲ. ಕೆಲಸ ಇತ್ತು, ಅದನ್ನು ಮಾಡಲು ಇನ್ನೊಬ್ಬರನ್ನು ಕೂರಿಸಿದ್ದರು. ನಿಮ್ಮ ಜಾಗಕ್ಕೆ ಬೇರೆಯವರನ್ನು ಹಾಕಿದ್ದರೆ, ಯಾವ ತಾರೀಖಿನಿಂದ ಹಾಕಿದರು ಎಂಬುದನ್ನು ಗುರುತು ಮಾಡಿಟ್ಟುಕೊಳ್ಳಿ. ನಾಳೆ ಅದೇ ನಿಮ್ಮ ದೊಡ್ಡ ಸಾಕ್ಷಿ.

ಈಗ ಹಣದ ವಿಷಯಕ್ಕೆ ಬರುತ್ತೇನೆ. ‘ಆರು ತಿಂಗಳು ಕೂರಿಸಿ ಸಂಬಳ ಕೊಡೋಕೆ ನಮಗೆ ಎಲ್ಲಿಂದ ಬರುತ್ತೆ?’ ಎಂದು ಏಜೆನ್ಸಿಯವರು ಕೇಳುತ್ತಾರೆ. ಕೇಳುವವರಿಗೂ ಅದು ನ್ಯಾಯ ಎನಿಸುತ್ತದೆ. ಆದರೆ ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಇರುವವರು ಸದ್ಯ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬರುತ್ತಾರೆ. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಗಾರ್ಮೆಂಟ್ಸ್, ಪ್ಯಾಕಿಂಗ್, ಇವರಲ್ಲಿ ಬಹುಪಾಲು ಈ ಮಿತಿಯೊಳಗಿನವರೇ. ಅವರಿಗೆ 26 ವಾರದ ಪೂರ್ತಿ ಸಂಬಳ ಕೊಡುವುದು ಏಜೆನ್ಸಿಯಲ್ಲ, ಕಂಪನಿಯೂ ಅಲ್ಲ, ಇಎಸ್‌ಐ ನಿಗಮ. ನೇರವಾಗಿ ಬ್ಯಾಂಕ್ ಖಾತೆಗೆ. ಇಂಥ ಸೌಲಭ್ಯಗಳಿಗೆಂದೇ ಪ್ರತಿ ತಿಂಗಳು ಕಾರ್ಮಿಕಳ ಸಂಬಳದಿಂದ ನೂರಕ್ಕೆ 75 ಪೈಸೆ, ಮಾಲೀಕರಿಂದ ನೂರಕ್ಕೆ 3 ರೂಪಾಯಿ 25 ಪೈಸೆ ಕಟ್ಟಬೇಕು. ಅವಳು ರಜೆಯಲ್ಲಿರುವಾಗ ಕಂಪನಿ ಕೊಡುವ ಬಿಲ್ಲಿನ ಹಣದಲ್ಲೇ ಬದಲಿಯವರಿಗೆ ಸಂಬಳ ಕೊಡಬಹುದು. ಏಜೆನ್ಸಿಯ ಕೈಯಿಂದ ಹೋಗುವುದೇನು?

ಮತ್ತೆ ಯಾಕೆ ತೆಗೆಯುತ್ತಾರೆ? ನಾನು ಕಂಡ ಮಟ್ಟಿಗೆ ಕೆಲವು ಕಡೆ ಕಾರಣ ಬೇರೆಯೇ. ಸಂಬಳದಲ್ಲಿ ಇಎಸ್‌ಐ ಎಂದು ಹಿಡಿದ ಹಣವನ್ನು ಏಜೆನ್ಸಿ ಕಟ್ಟಿಯೇ ಇರುವುದಿಲ್ಲ. ಇಲ್ಲವೇ ಒಂದೆರಡು ತಿಂಗಳು ಕಟ್ಟಿ ಬಿಟ್ಟಿರುತ್ತದೆ. ಇಎಸ್‌ಐ ಕಡೆಯಿಂದ ಹೆರಿಗೆ ಸೌಲಭ್ಯ ಸಿಗಬೇಕಾದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ದಾಖಲಾಗಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಅವಳು ಅರ್ಜಿ ಹಾಕಿದ ದಿನ ಕಟ್ಟದ ಬಾಕಿ ಹೊರಬೀಳುತ್ತದೆ. ಅವಳ ಅರ್ಜಿಯಿಂದ ಉಳಿದ ಐವತ್ತು ಜನರದ್ದೂ ಬಯಲಾಗುತ್ತದೆ. ಅದಕ್ಕೇ ಅರ್ಜಿ ಹಾಕುವ ಮೊದಲೇ ಮನೆಗೆ ಕಳಿಸುವ ಆತುರ.

ಮುಖ್ಯವಾದ ವಿಷಯ ಇಲ್ಲಿದೆ. ಏಜೆನ್ಸಿಯ ಮೂಲಕ ಬಂದವರ ಇಎಸ್‌ಐ ವಂತಿಗೆಯ ಮೊದಲ ಹೊಣೆಯನ್ನು ಕಾನೂನು ಹೊರಿಸಿರುವುದು ಕೆಲಸ ಮಾಡಿಸಿಕೊಳ್ಳುವ ಮೂಲ ಮಾಲೀಕರ ಮೇಲೆ. ಅವರು ಕಟ್ಟಿ, ಆಮೇಲೆ ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಲಿ. ಸಂಬಳದ್ದೂ ಹಾಗೆಯೇ. ಗುತ್ತಿಗೆ ಕಾರ್ಮಿಕರ ಕಾನೂನಿನಲ್ಲಿ, 1970ರ ಕಾಯ್ದೆಯ ಕಾಲದಿಂದಲೂ, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕರು ಕೊಟ್ಟು ಅವನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು. ಹೀಗಿರುವಾಗ ‘ನೀವು ನಮ್ಮವರಲ್ಲ’ ಎಂಬ ಮಾತು ಗೇಟಿನಲ್ಲಿ ನಡೆಯಬಹುದು, ಕಾರ್ಮಿಕ ಅಧಿಕಾರಿಯ ಮುಂದೆ ನಡೆಯಬಾರದು.

ಅಮೆರಿಕದಲ್ಲೂ ಇದೇ ಗಂಟು ಇತ್ತು. ಬಸುರಿಯರಿಗೆ ತಾರತಮ್ಯ ಮಾಡುವಂತಿಲ್ಲವೆಂದು ಅಲ್ಲಿ 1978ರಲ್ಲೇ ಕಾನೂನಾಯಿತು. ಆದರೆ ಏಜೆನ್ಸಿ ಕೆಲಸಗಾರರ ವಿಷಯದಲ್ಲಿ ಹೊಣೆ ಯಾರದ್ದು? 1997ರಲ್ಲಿ ಅಲ್ಲಿನ ಸಮಾನ ಉದ್ಯೋಗಾವಕಾಶ ಆಯೋಗ ಬಿಡಿಸಿ ಹೇಳಿತು: ಗಿರಾಕಿ ಕಂಪನಿ ತಾರತಮ್ಯದ ಬೇಡಿಕೆ ಇಟ್ಟು ಏಜೆನ್ಸಿ ಅದಕ್ಕೆ ತಲೆಯಾಡಿಸಿದರೆ ತಪ್ಪು ಇಬ್ಬರದ್ದೂ. ‘ಸೈಟಿನವರು ಬೇಡ ಅಂದ್ರು’ ಎನ್ನುವುದು ಅಲ್ಲಿ ಸಮಜಾಯಿಷಿಯಲ್ಲ, ತಪ್ಪೊಪ್ಪಿಗೆ.

ಹೆಣ್ಣುಮಕ್ಕಳು ನನ್ನನ್ನು ಕೇಳುವ ಇನ್ನೊಂದು ಪ್ರಶ್ನೆ: “ಮೇಡಂ, ಕೆಲಸಕ್ಕೆ ಸೇರುವಾಗ ನಾನು ಬಸುರಿ ಅಂತ ಹೇಳಿರಲಿಲ್ಲ. ಅದು ನಂದೇ ತಪ್ಪಲ್ವಾ?” ನಮ್ಮ ಜೀವ ವಿಮಾ ನಿಗಮದಲ್ಲಿ ಹಿಂದೆ ನೇಮಕಾತಿಯ ಫಾರಂನಲ್ಲಿ ಕೊನೆಯ ಮುಟ್ಟಿನ ದಿನಾಂಕದವರೆಗೂ ಕೇಳುತ್ತಿದ್ದರು. ಪ್ರೊಬೇಷನ್‌ನಲ್ಲಿದ್ದ ಒಬ್ಬ ಉದ್ಯೋಗಿಯನ್ನು ಹೆರಿಗೆ ರಜೆಯಿಂದ ಬಂದ ಮೇಲೆ, ಆ ಫಾರಂನಲ್ಲಿ ಸುಳ್ಳು ಬರೆದಿದ್ದಾಳೆಂದು ತೆಗೆದುಹಾಕಿದರು. 1991ರಲ್ಲಿ ಸುಪ್ರೀಂ ಕೋರ್ಟು ಅವಳನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಆ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ಕುಂದು, ಫಾರಂನಿಂದಲೇ ತೆಗೆಯಿರಿ ಎಂದಿತು. ಯುರೋಪಿನಲ್ಲಿ, ಡೆನ್ಮಾರ್ಕಿನ ಟೆಲಿಫೋನ್ ಕಂಪನಿಯೊಂದಕ್ಕೆ ಆರು ತಿಂಗಳ ಮಟ್ಟಿಗೆ ಸೇರಿದವಳೊಬ್ಬಳು ತಿಂಗಳ ಮೇಲೆ ‘ನವೆಂಬರಿನಲ್ಲಿ ಹೆರಿಗೆ’ ಎಂದಳು. ಮೊದಲೇ ಹೇಳಲಿಲ್ಲವೆಂದು ಕಂಪನಿ ತೆಗೆಯಿತು. ಕೆಲಸ ಅಲ್ಪಾವಧಿಯದ್ದಾಗಿದ್ದರೂ, ಅವಳು ಮೊದಲೇ ಹೇಳದಿದ್ದರೂ ಅದು ತಾರತಮ್ಯವೇ ಎಂದು 2001ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು.

ಆದರೆ ಸೇರುವಾಗ ಹೇಳದಿದ್ದರೆ ತಪ್ಪಿಲ್ಲ ಎಂಬುದು ಬೇರೆ, ಸೇರಿದ ಮೇಲೆ ಬಾಯಲ್ಲಿ ಮಾತ್ರ ಹೇಳಿ ಸುಮ್ಮನಿರುವುದು ಬೇರೆ. ದೂರು ಕೊಡಲು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರಲ್ಲಿ ತಾಯಿ ಕಾರ್ಡ್, ಮಡಿಕೆ ಬಿದ್ದ ಸ್ಕ್ಯಾನಿಂಗ್ ರಿಪೋರ್ಟ್, ಆಧಾರ್ ಜೆರಾಕ್ಸ್, ಕೊರಳಿಗೆ ಹಾಕುವ ಐಡಿ ಕಾರ್ಡು. ಆ ಕಾರ್ಡಿನ ಮುಂಭಾಗದಲ್ಲಿ ಕಂಪನಿಯ ಹೆಸರು ದೊಡ್ಡದಾಗಿ, ಹಿಂಭಾಗದಲ್ಲಿ ಏಜೆನ್ಸಿಯ ಹೆಸರು ಸಣ್ಣ ಅಕ್ಷರದಲ್ಲಿ. ನಾನು ಮೊದಲು ನೋಡುವುದೇ ಅದನ್ನು. ಎರಡು ಹೆಸರೂ ಒಂದೇ ಕಾರ್ಡಿನ ಮೇಲಿವೆ. ಇಬ್ಬರೂ ‘ಇವಳು ಯಾರೋ ಗೊತ್ತಿಲ್ಲ’ ಎನ್ನುವಂತಿಲ್ಲ. ಆದರೆ ಆ ಕವರಿನಲ್ಲಿ ಇರಬೇಕಾದ ಒಂದು ಕಾಗದ ಇರುವುದಿಲ್ಲ: ತಾನು ಬಸುರಿ ಎಂದು ಅವಳು ಅವರಿಗೆ ತಿಳಿಸಿದ ಕಾಗದ. “ಸೂಪರ್‌ವೈಸರ್‌ಗೆ ಹೇಳಿದ್ದೆ” ಎನ್ನುತ್ತಾಳೆ. ಸೂಪರ್‌ವೈಸರ್ ನಾಳೆ ಇಲ್ಲ ಎಂದರೆ? ಆದ್ದರಿಂದ ನಾಲ್ಕು ಸಾಲು ಬರೆಯಿರಿ. ‘ನಾನು ಗರ್ಭಿಣಿ, ಹೆರಿಗೆಯ ನಿರೀಕ್ಷಿತ ದಿನ ಇಂಥದ್ದು, ಇಂಥ ತಾರೀಖಿನಿಂದ ರಜೆ ಬೇಕು, ವೈದ್ಯರ ಚೀಟಿ ಲಗತ್ತಿಸಿದ್ದೇನೆ.’ ಒಂದು ಪ್ರತಿ ಏಜೆನ್ಸಿಗೆ, ಒಂದು ಪ್ರತಿ ಕಂಪನಿಗೆ. ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಜೊತೆಗೆ ವಾಟ್ಸಾಪಿನಲ್ಲೂ ಅದರ ಫೋಟೋ ಹಾಕಿ. ಶಿಫ್ಟ್ ಪಟ್ಟಿ ಬಂದ ಮೆಸೇಜು, ಬ್ಯಾಂಕಿಗೆ ಸಂಬಳ ಬಂದ ಮೆಸೇಜು ಅಳಿಸಬೇಡಿ. ಹಾಜರಿ ಪುಸ್ತಕ ನಿಮ್ಮ ಕೈಗೆ ಸಿಗದಿದ್ದರೆ 80 ದಿನ ಕೆಲಸ ಮಾಡಿದ್ದಕ್ಕೆ ಅವೇ ಆಧಾರ.

ಟೆಂಡರ್ ಬದಲಾದಾಗ ಏಜೆನ್ಸಿಯ ಹೆಸರು ಬದಲಾಗುತ್ತದೆ. ಅದೇ ಹೆಂಗಸು, ಅದೇ ಪೊರಕೆ, ಅದೇ ಕಾರಿಡಾರು. ಕಾಗದದಲ್ಲಿ ಮಾತ್ರ ಅವಳು ಹೊಸಬಳು. ‘ನಮ್ಮಲ್ಲಿ ಇನ್ನೂ 80 ದಿನ ಆಗಿಲ್ಲ’ ಎಂದು ಹೊಸ ಏಜೆನ್ಸಿ ರಾಗ ತೆಗೆಯುತ್ತದೆ. ಹಳೆಯ ಏಜೆನ್ಸಿಯ ಪೇ ಸ್ಲಿಪ್ಪುಗಳನ್ನು ಎಸೆಯಬೇಡಿ ಎಂದು ನಾನು ಹೇಳುವುದು ಇದಕ್ಕೇ. ಮೇಲಿನ ಹೆಸರು ಎಷ್ಟು ಬದಲಾದರೂ ಕೆಲಸ ಮಾಡಿಸಿಕೊಂಡವರು ಒಬ್ಬರೇ ಎಂದು ವಾದಿಸಲು ಅವು ಬೇಕು. ದೂರಿನಲ್ಲಿ ಕಂಪನಿಯ ಹೆಸರೂ ಇರಬೇಕು ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಏಜೆನ್ಸಿಗಳ ಕಷ್ಟವನ್ನೂ ಒಂದಿಷ್ಟು ನೋಡಬೇಕು. ಸಂಬಳ 21,000 ದಾಟಿದ ನರ್ಸು, ಎಂಜಿನಿಯರು, ಲೆಕ್ಕಿಗಳಿಗೆ ಇಎಸ್‌ಐ ಇಲ್ಲ. ಅವರ 26 ವಾರದ ಸಂಬಳ ಪೂರ್ತಿ ಮಾಲೀಕರ ಹೆಗಲಿಗೇ ಬೀಳುತ್ತದೆ. ಹಾಜರಿದ್ದ ತಲೆಗಷ್ಟೇ ಬಿಲ್ಲು ಎಂದು ಕಂಪನಿ ಕರಾರು ಮಾಡಿಕೊಂಡಿದ್ದರೆ, ಸಣ್ಣ ಏಜೆನ್ಸಿಗೆ ಅದು ನಿಜವಾದ ಹೊರೆ. ಹೆರಿಗೆಯ ಖರ್ಚನ್ನು ಒಬ್ಬೊಬ್ಬ ಮಾಲೀಕರ ಮೇಲೆ ಹಾಕದೆ ವಿಮೆಯಿಂದಲೋ ಸರ್ಕಾರದ ನಿಧಿಯಿಂದಲೋ ಭರಿಸಬೇಕು ಎನ್ನುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಡಂಬಡಿಕೆಯ ತತ್ವ. ಆ ಒಡಂಬಡಿಕೆಯನ್ನು ಭಾರತ ಇನ್ನೂ ಅನುಮೋದಿಸಿಲ್ಲ. ಖರ್ಚು ಒಬ್ಬರ ಮೇಲೇ ಬಿದ್ದಾಗ ಅವರು ಬಾಗಿಲಲ್ಲೇ ತಡೆಯಲು ನೋಡುತ್ತಾರೆ. ಮದುವೆ ಆಗಿದೆಯಾ, ಮಕ್ಕಳೆಷ್ಟು ಎಂದು ಕೇಳುತ್ತಾರೆ. 2024ರಲ್ಲಿ ತಮಿಳುನಾಡಿನ ಶ್ರೀಪೆರುಂಬುದೂರಿನ ಐಫೋನ್ ಜೋಡಿಸುವ ಕಾರ್ಖಾನೆಯ ಕೆಲಸಕ್ಕೆ, ನೇಮಕಾತಿ ಏಜೆನ್ಸಿಗಳ ಮೂಲಕ ಮದುವೆಯಾದ ಹೆಂಗಸರನ್ನು ದೂರ ಇಡಲಾಗಿತ್ತೆಂದು ಸುದ್ದಿಸಂಸ್ಥೆಯೊಂದು ವರದಿ ಮಾಡಿತು. ಕಂಪನಿ ತಾರತಮ್ಯದ ಆರೋಪವನ್ನು ಒಪ್ಪಲಿಲ್ಲ. ಕೇಂದ್ರ ಸರ್ಕಾರ ರಾಜ್ಯದಿಂದ ವಿವರ ಕೇಳಿತು. ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಕೂಡದೆಂದು 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು. ಆದರೆ ಬಾಗಿಲಲ್ಲೇ ತಡೆಸಿಕೊಂಡವಳಿಗೆ ತನ್ನನ್ನು ಯಾಕೆ ತಡೆದರೆಂದೇ ಗೊತ್ತಾಗುವುದಿಲ್ಲ, ದೂರು ಎಲ್ಲಿಂದ ಬಂದೀತು?

ಆದ್ದರಿಂದ ಇದನ್ನು ಕೇಳುತ್ತಿರುವ ಎಚ್‌ಆರ್ ಅಧಿಕಾರಿಗಳಿಗೆ, ಟೆಂಡರ್ ಬರೆಯುವ ಸರ್ಕಾರಿ ಅಧಿಕಾರಿಗಳಿಗೆ ಒಂದು ಮಾತು. ಅತಿ ಕಡಿಮೆ ದರ ಯಾರದ್ದೆಂದು ನೋಡುವಾಗ ಹೆರಿಗೆ ರಜೆಯ ಬದಲಿ ಖರ್ಚು ಯಾರದ್ದು ಎಂಬ ಒಂದು ಸಾಲನ್ನೂ ಕರಾರಿನಲ್ಲಿ ಬರೆಯಿರಿ. ಪ್ರತಿ ತಿಂಗಳ ಬಿಲ್ಲು ಪಾಸು ಮಾಡುವ ಮೊದಲು ಹಿಂದಿನ ತಿಂಗಳ ಇಎಸ್‌ಐ ಚಲನ್ ಕೇಳಿ, ಅದರಲ್ಲಿರುವ ಹೆಸರುಗಳನ್ನು ಹಾಜರಿಯ ಜೊತೆ ತಾಳೆ ನೋಡಿ. ನಾಳೆ ವಸೂಲಿ ನೋಟೀಸು ನಿಮ್ಮ ಮೇಜಿಗೇ ಬರುವುದರಿಂದ, ಇದು ಉಪಕಾರವಲ್ಲ, ನಿಮ್ಮದೇ ಕ್ಷೇಮ.

ಕೊನೆಯದಾಗಿ, ಕೆಲಸ ಕಳೆದುಕೊಂಡವರಿಗೆ. ಮೇಲ್ಮನವಿಗೆ ಕಾನೂನು ಕೊಟ್ಟಿರುವುದು 60 ದಿನ. ನಿಮ್ಮ ಕೈಗೆ ಆದೇಶ ಕೊಟ್ಟಿರದಿದ್ದರೆ, ಡ್ಯೂಟಿ ನಿಲ್ಲಿಸಿದ ದಿನದಿಂದಲೇ ಎಣಿಸಿಕೊಳ್ಳಿ, ಅದೇ ಕ್ಷೇಮ. ಹೆರಿಗೆ ಆಗಲಿ, ಬಾಣಂತನ ಮುಗಿಯಲಿ, ಆಮೇಲೆ ನೋಡೋಣ ಎಂದು ತವರಿಗೆ ಹೋದವರು ಬರುವಷ್ಟರಲ್ಲಿ ಗಡುವು ದಾಟಿರುತ್ತದೆ. ನೀವೇ ಓಡಾಡಲಾಗದಿದ್ದರೆ ಮನೆಯವರ ಕೈಲಿ ಅರ್ಜಿ ಕೊಟ್ಟು ಕಳಿಸಿ, ಇಲ್ಲವೇ ಯೂನಿಯನ್ನಿನವರ ಸಹಾಯ ಪಡೆಯಿರಿ. ಅರ್ಜಿ ಕೊಡಬೇಕಾದದ್ದು ಕಾರ್ಮಿಕ ಇಲಾಖೆಗೆ. ಇಎಸ್‌ಐ ಹಣದ ವಿಷಯವಾದರೆ ನಿಮ್ಮ ಐಪಿ ನಂಬರಿನೊಂದಿಗೆ, ಅಂದರೆ ವಿಮಾದಾರರ ಸಂಖ್ಯೆಯೊಂದಿಗೆ, ಇಎಸ್‌ಐ ಶಾಖಾ ಕಚೇರಿಗೆ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಎಲ್ಲ ಹೆಂಗಸರಿಗೂ ಉಚಿತ ಕಾನೂನು ನೆರವು ಸಿಗಬೇಕು, ವರಮಾನ ಎಷ್ಟೇ ಇರಲಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇರುತ್ತದೆ. ಮತ್ತು ಅರ್ಜಿಯಲ್ಲಿ ‘ಎದುರುದಾರರು’ ಎಂಬಲ್ಲಿ ಒಂದನೆಯವರು ಏಜೆನ್ಸಿ, ಎರಡನೆಯವರು ಕಂಪನಿ ಅಥವಾ ಇಲಾಖೆ. ಎರಡನ್ನೂ ಬರೆಯದೆ ಸಹಿ ಹಾಕಬೇಡಿ.

ನಂಬರ್ ಬರೆದುಕೊಳ್ಳಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಕಾನೂನು ನೆರವಿಗೆ 15100. ಪೆನ್ನು ಹುಡುಕುತ್ತಿರುವವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ: ಕಾರ್ಮಿಕ ಇಲಾಖೆ, ಒಂದು ಐದು ಐದು ಎರಡು ಒಂದು ನಾಲ್ಕು. ಕಾನೂನು ನೆರವು, ಒಂದು ಐದು ಒಂದು ಸೊನ್ನೆ ಸೊನ್ನೆ. ನಿಮಗೆ ಬೇಕಾಗದಿದ್ದರೆ ನಿಮ್ಮ ಆಫೀಸಿನ ನೆಲ ಒರೆಸುವ ಹೆಣ್ಣುಮಗಳಿಗೆ ಕೊಡಿ.